ಗೂಗಲ್ ಬಿಸಿನೆಸ್ ಪ್ರೊಫೈಲ್: ಚಿಕ್ಕಮಗಳೂರಿನ ಅಂಗಡಿ, ಹೋಂಸ್ಟೇಗಳಿಗೆ ಎಷ್ಟು ಉಪಯುಕ್ತ?

ಕಡೂರಿನ ಕಡೆಯಿಂದಲೋ ಹಾಸನದ ಕಡೆಯಿಂದಲೋ ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ಊಟ ಎಲ್ಲಿ, ಕಾಫಿಪುಡಿ ಎಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬುದನ್ನು ಕಾರಿನಲ್ಲಿ ಕುಳಿತೇ ಮೊಬೈಲಿನಲ್ಲಿ ತೀರ್ಮಾನಿಸಿಬಿಡುತ್ತಾರೆ. ಗೂಗಲ್ ಹುಡುಕಾಟದಲ್ಲಿ, ನಕ್ಷೆಯಲ್ಲಿ ಕಾಣಿಸದ ಅಂಗಡಿ ಎಂ.ಜಿ. ರಸ್ತೆಯಲ್ಲೇ ಇದ್ದರೂ ಅವರ ಪಾಲಿಗೆ ಇದ್ದೂ ಇಲ್ಲದಂತೆ. ಹಾಗೆ ಕಾಣಿಸಿಕೊಳ್ಳಲು ಗೂಗಲ್ ಒದಗಿಸಿರುವ ಉಚಿತ ಸೇವೆಯೇ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರಿನಲ್ಲಿ ಆರಂಭವಾದ ಇದಕ್ಕೆ ಈಗಿನ ಹೆಸರು ಬಂದದ್ದು 2021ರಲ್ಲಿ. ಸೋದರಮಾವನವರ ಕಾಫಿಪುಡಿ ಅಂಗಡಿಯ ಪ್ರೊಫೈಲನ್ನೂ ಮಲ್ಲಂದೂರು ಕಡೆಯ ಸ್ನೇಹಿತರೊಬ್ಬರ ಹೋಂಸ್ಟೇಯ ಪ್ರೊಫೈಲನ್ನೂ ನೋಡಿಕೊಳ್ಳುತ್ತಿರುವ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೇವೆ ಒಳ್ಳೆಯದು, ಬಳಸಲೇಬೇಕಾದದ್ದು. ಆದರೆ ಊರಿನವರ ನಂಬಿಕೆ ಗಳಿಸಿದ ಅಂಗಡಿ ಯಾವುದೆಂದು ಗುರುತಿಸುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರೊಫೈಲ್ ಮಾಡುವಾಗ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಮುಖ್ಯ ವರ್ಗದ, ಅಂದರೆ ಅಂಗಡಿ ಯಾವ ಬಗೆಯದೆಂದು ತಿಳಿಸುವ ಹೆಸರಿನ ಆಯ್ಕೆಗೆ. ವರ್ಗವನ್ನು ಗೂಗಲ್‌ನ ಸಿದ್ಧಪಟ್ಟಿಯಿಂದಲೇ ಆರಿಸಬೇಕು, ನಮಗೆ ತೋಚಿದ್ದನ್ನು ಬರೆಯುವಂತಿಲ್ಲ. ಕುಳಿತು ಕಾಫಿ ಕುಡಿಯುವ ಜಾಗಕ್ಕೆ ಆ ಪಟ್ಟಿಯಲ್ಲಿ ‘ಕಾಫಿ ಶಾಪ್’ ಎಂಬ ವರ್ಗವಿದೆ. ಬೀಜ, ಪುಡಿ ಮಾರುವವರಿಗೆ ‘ಕಾಫಿ ಸ್ಟೋರ್’, ಹುರಿಯುವವರಿಗೆ ‘ಕಾಫಿ ರೋಸ್ಟರ್ಸ್’ ಎಂಬ ಬೇರೆ ವರ್ಗಗಳಿವೆ. ಮಾವನವರ ಅಂಗಡಿಗೆ ಮೊದಲು ಪ್ರೊಫೈಲ್ ಮಾಡಿಕೊಟ್ಟ ಏಜೆನ್ಸಿಯವರು ಈ ವ್ಯತ್ಯಾಸವನ್ನು ನೋಡದೆ ‘ಕಾಫಿ ಶಾಪ್’ ಎಂದೇ ಹಾಕಿದ್ದರು. ಶನಿವಾರ, ಭಾನುವಾರ ಬೆಟ್ಟ ಇಳಿದು ಬಂದ ಹುಡುಗರು ಪುಡಿ ಬೀಸುವ ಯಂತ್ರದ ಪಕ್ಕ ನಿಂತು ನಾಲ್ಕು ಫಿಲ್ಟರ್ ಕಾಫಿ ಕೇಳುತ್ತಿದ್ದರು. ಇಲ್ಲಿ ಪುಡಿ ಮಾತ್ರ ಸಿಗುತ್ತದೆ ಎಂದು ಮಾವ ಎಷ್ಟು ಸಮಾಧಾನದಿಂದ ತಿಳಿಸಿ ಹೇಳಿದರೂ, ಕೆಲವರು ಹೊರಗೆ ಹೋಗಿ ಒಂದೇ ನಕ್ಷತ್ರ ಕೊಟ್ಟು, ಕುಳಿತುಕೊಳ್ಳಲು ಜಾಗವಿಲ್ಲವೆಂದು ಬರೆದರು. ಆಗತಾನೇ ಹುರಿದ ಪೀಬೆರಿಯನ್ನು ಗಿರಾಕಿಯ ಕಣ್ಣೆದುರೇ ಬೀಸಿ, ಚಿಕೋರಿ ಎಷ್ಟು ಬೇಕೆಂದು ಕೇಳಿ ಬೆರೆಸಿ ಕೊಡುವ ಅಂಗಡಿಗೆ ಇಂಥ ರೇಟಿಂಗ್ ಬಂದದ್ದು ನಿಜವಾಗಿಯೂ ನೋವಿನ ಸಂಗತಿ. ವರ್ಗ ಬದಲಿಸಿದ ಮೇಲೆ ಈ ತೊಂದರೆ ಬಹಳಮಟ್ಟಿಗೆ ತಪ್ಪಿತು.

ಆದರೆ ವರ್ಗ ಬದಲಿಸುವ ಮೊದಲು ಪ್ರೊಫೈಲನ್ನೇ ನಮ್ಮ ಕೈಗೆ ಬಿಡಿಸಿಕೊಳ್ಳಬೇಕಾಯಿತು. ಏಜೆನ್ಸಿಯವರು ಅದನ್ನು ತಮ್ಮದೇ ಇಮೇಲ್ ಖಾತೆಯಲ್ಲಿ ಇಟ್ಟುಕೊಂಡಿದ್ದರು, ಹಣ ಸಂದಾಯವಾದ ಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸಿದ್ದರು. ಇಂಥ ಸಂದರ್ಭದಲ್ಲಿ ಒಡೆತನಕ್ಕಾಗಿ ನೇರವಾಗಿ ಕೋರಿಕೆ ಸಲ್ಲಿಸುವ ವ್ಯವಸ್ಥೆಯನ್ನು ಗೂಗಲ್ ಇಟ್ಟಿರುವುದು ಮೆಚ್ಚತಕ್ಕ ವಿಷಯ. ಹಾಲಿ ಒಡೆಯರು ನಿಗದಿತ ದಿನಗಳೊಳಗೆ ಉತ್ತರಿಸದಿದ್ದರೆ, ಅಂಗಡಿ ನಮ್ಮದೆಂದು ದೃಢಪಡಿಸಿ ಪ್ರೊಫೈಲನ್ನು ಪಡೆಯುವ ಅವಕಾಶ ಸಿಗಬಹುದು. ಯಾರಿಂದ ಮಾಡಿಸಿದರೂ ಮುಖ್ಯ ಒಡೆತನ ಅಂಗಡಿಯ ಸ್ವಂತ ಖಾತೆಯಲ್ಲೇ ಇರಬೇಕು, ಕೆಲಸ ಮಾಡುವವರಿಗೆ ಮ್ಯಾನೇಜರ್ ಹಕ್ಕು ಕೊಟ್ಟರೆ ಸಾಕು.

ಹುಡುಕಿದಾಗ ಯಾರ ಹೆಸರು ಮೇಲೆ ಬರುತ್ತದೆ ಎಂಬುದಕ್ಕೆ ಗೂಗಲ್ ತಾನೇ ಮೂರು ಆಧಾರಗಳನ್ನು ಹೇಳುತ್ತದೆ: ಹುಡುಕಿದ ವಿಷಯಕ್ಕೆ ಪ್ರೊಫೈಲ್ ಎಷ್ಟು ಹೊಂದುತ್ತದೆ, ಅಂಗಡಿ ಎಷ್ಟು ದೂರದಲ್ಲಿದೆ, ಅದು ಎಷ್ಟು ಪ್ರಸಿದ್ಧವಾಗಿದೆ. ಹಣ ಕೊಟ್ಟು ಈ ಸ್ಥಾನವನ್ನು ಮೇಲೇರಿಸಿಕೊಳ್ಳಲು ಬರುವುದಿಲ್ಲ, ಜಾಹೀರಾತಿನ ವ್ಯವಸ್ಥೆಯೇ ಬೇರೆ. ಮೊದಲನೆಯದು ನಮ್ಮ ಕೈಯಲ್ಲಿದೆ, ಎರಡನೆಯದನ್ನು ಯಾರೂ ಬದಲಿಸಲಾರರು. ತೊಡಕಿರುವುದು ಮೂರನೆಯದರಲ್ಲಿ. ಪ್ರಸಿದ್ಧಿಯನ್ನು ಅಳೆಯುವಾಗ ವಿಮರ್ಶೆಗಳ ಸಂಖ್ಯೆ, ರೇಟಿಂಗ್, ಬೇರೆ ಜಾಲತಾಣಗಳಿಂದ ಇರುವ ಕೊಂಡಿಗಳು ಲೆಕ್ಕಕ್ಕೆ ಬರುತ್ತವೆ. ಆಲ್ದೂರಿನಿಂದ ತಿಂಗಳಿಗೊಮ್ಮೆ ಪೇಟೆಗೆ ಬಂದು, ತಮ್ಮ ಮನೆಗೆ ಒಗ್ಗಿದ ಹದದ ಪುಡಿಯನ್ನೇ ಕೇಳಿ ಒಯ್ಯುವ ಖಾಯಂ ಗಿರಾಕಿಗೆ ಅಂಗಡಿಯನ್ನು ಗೂಗಲ್‌ನಲ್ಲಿ ಹುಡುಕುವ ಅಗತ್ಯವೇ ಇಲ್ಲ. ಹುಡುಕದವರು ವಿಮರ್ಶೆ ಬರೆಯುವುದೂ ಅಪರೂಪ. ಅಪ್ಪನ ಕಾಲದಿಂದ ಬರುತ್ತಿರುವ ಮನೆತನಗಳ ನಂಬಿಕೆ ಹೀಗೆ ಎಲ್ಲಿಯೂ ದಾಖಲಾಗದೆ ಉಳಿಯುತ್ತದೆ. ಒಮ್ಮೆ ಬಂದು ಫೋಟೋ ತೆಗೆದುಕೊಂಡು ಹೋಗುವವರ ಮಾತು ದಾಖಲಾಗುತ್ತದೆ. ಪ್ರವಾಸಿಗರ ವಾಹನ ನಿಲ್ಲುವ ಕಡೆ ಹೊಸದಾಗಿ ತೆರೆದ ಮಳಿಗೆ ಸುಲಭವಾಗಿ ಮುಂದೆ ಬರುತ್ತದೆ, ಊರೊಳಗಿನ ಹಳೆಯ ಅಂಗಡಿ ಹಿಂದೆ ಬೀಳುತ್ತದೆ. ಪ್ರವಾಸಿಗರು ಕಾಲಿಡದ ಮಿಕ್ಸಿ ರಿಪೇರಿ, ಟೈಲರಿಂಗ್, ಪಾತ್ರೆ ಅಂಗಡಿಗಳ ಸ್ಥಿತಿ ಇನ್ನೂ ಕಷ್ಟ. ಸೇವೆಯ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇದೇ.

ಇದಕ್ಕೆ ಅಂಗಡಿಯವರ ಕೈಯಲ್ಲಿರುವ ಉಪಾಯವೆಂದರೆ ಖಾಯಂ ಗಿರಾಕಿಗಳನ್ನು ಸಂಕೋಚವಿಲ್ಲದೆ ಕೇಳಿಕೊಳ್ಳುವುದು. ವಿಮರ್ಶೆ ಬರೆಯುವ ಪುಟಕ್ಕೆ ನೇರವಾಗಿ ಒಯ್ಯುವ ಕ್ಯೂಆರ್ ಕೋಡನ್ನು ಗೂಗಲ್ ಕೊಡುತ್ತದೆ; ಅದನ್ನು ಮುದ್ರಿಸಿ ತೂಕದ ಯಂತ್ರದ ಪಕ್ಕದಲ್ಲಿ ಇಟ್ಟಿದ್ದೇವೆ. ಕನ್ನಡದಲ್ಲೇ ಬರೆಯಬಹುದು ಎಂದು ತಿಳಿಸಿದ ಮೇಲೆ ಹಿರಿಯರೂ ಮಕ್ಕಳ ಸಹಾಯದಿಂದ ಒಂದೆರಡು ಸಾಲು ಬರೆಯತೊಡಗಿದ್ದಾರೆ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ, ಉಡುಗೊರೆ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೊಡದಿರುವುದೇ ಮರ್ಯಾದೆಯೂ ಹೌದು.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಬೋರ್ಡಿನಲ್ಲಿರುವ ಹೆಸರನ್ನಷ್ಟೇ ಹಾಕಬೇಕೆಂಬ ನಿಯಮವಿದ್ದರೂ, ಹೆಸರಿನ ಹಿಂದೆ ಮುಂದೆ ‘ಬೆಸ್ಟ್’, ‘ನಂಬರ್ ಒನ್’, ‘ಚಿಕ್ಕಮಗಳೂರು ಕಾಫಿ’ ಎಂದೆಲ್ಲ ಪೋಣಿಸುವವರಿದ್ದಾರೆ. ಇಂಥ ಪ್ರೊಫೈಲನ್ನು ಗೂಗಲ್ ಅಮಾನತು ಮಾಡಬಹುದು.

ಹೋಂಸ್ಟೇಗಳ ಕಷ್ಟ ಬೇರೆ ಬಗೆಯದು. ಜಾಗ ನಿಜವಾಗಿ ಇದೆ, ಅದು ನಮ್ಮದೇ ಎಂಬುದರ ದೃಢೀಕರಣಕ್ಕೆ ಈಗ ಸಾಮಾನ್ಯವಾಗಿ ವಿಡಿಯೋ ಕೇಳುತ್ತಾರೆ: ಸುತ್ತಲಿನ ಗುರುತು, ಬೋರ್ಡು, ಬೀಗ ತೆರೆದು ಒಳಹೋಗುವಂಥ ಒಡೆತನದ ಕುರುಹು, ಎಲ್ಲವೂ ಕತ್ತರಿಸದ ಒಂದೇ ಚಿತ್ರೀಕರಣದಲ್ಲಿ ಬರಬೇಕು. ಪೇಟೆಯಲ್ಲಿ ಇದು ಸುಲಭ. ತೋಟದ ನಡುವೆ ಬೀದಿಯ ಹೆಸರಿನ ಫಲಕವೂ ಇಲ್ಲ, ಅಕ್ಕಪಕ್ಕ ಅಂಗಡಿಯೂ ಇಲ್ಲ, ಮಳೆಗಾಲದಲ್ಲಿ ನೆಟ್‌ವರ್ಕ್ ಸಿಕ್ಕರೆ ಅದೃಷ್ಟ. ಸ್ನೇಹಿತರು ಗೇಟಿನ ಬೋರ್ಡಿನಿಂದ ಹಿಡಿದು ಕಣ ದಾಟಿ ಕೋಣೆಯ ಬಾಗಿಲಿನವರೆಗೆ ನಡೆಯುತ್ತ ಚಿತ್ರೀಕರಿಸಿ, ವಿಡಿಯೋ ಕಳುಹಿಸಲು ಪೇಟೆಗೆ ಬರಬೇಕಾಯಿತು. ನಕ್ಷೆಯ ಪಿನ್ ಅನ್ನು ತೋಟದ ಮಧ್ಯದಲ್ಲಿ ಇಡದೆ ವಾಹನ ಬರುವ ಗೇಟಿನ ಬಳಿ ಇಡುವುದು ಒಳ್ಳೆಯದು. ಇಲ್ಲದಿದ್ದರೆ ರಾತ್ರಿ ಹೊತ್ತು ಅತಿಥಿಗಳು ಪಕ್ಕದ ಎಸ್ಟೇಟಿನ ರಸ್ತೆಗೆ ನುಗ್ಗುತ್ತಾರೆ.

ಒಮ್ಮೆ ಮಾಡಿಟ್ಟು ಮರೆಯುವ ಸೇವೆ ಇದಲ್ಲ. ಸಮಯ, ಫೋನ್ ಸಂಖ್ಯೆಗಳಿಗೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಅಂಗಡಿ ಮುಚ್ಚಿದೆಯೆಂದೂ ತಿಳಿಸಬಹುದು. ಆದ್ದರಿಂದ ವಾರಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಹಬ್ಬದ ರಜೆಗಳನ್ನು ಮೊದಲೇ ನಮೂದಿಸಲು ಪ್ರತ್ಯೇಕ ಸೌಲಭ್ಯವಿದೆ. ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಅಂಗಡಿಯ ಹೆಸರು ತೆಗೆಯುತ್ತೇವೆ ಎಂದು ಬರುವ ಕರೆಗಳು ಮೋಸದವು, ಏಕೆಂದರೆ ಪ್ರೊಫೈಲಿಗೆ ಗೂಗಲ್ ಶುಲ್ಕವನ್ನೇ ವಿಧಿಸುವುದಿಲ್ಲ.

ಉಚಿತವೆಂದು ಎಲ್ಲವನ್ನೂ ಇದರ ಮೇಲೆಯೇ ಕಟ್ಟಿಕೊಳ್ಳಬಾರದು ಎನ್ನಲು ಕಾರಣವಿದೆ. ಪ್ರೊಫೈಲ್ ಜೊತೆಗೆ ಗೂಗಲ್ ಕೊಡುತ್ತಿದ್ದ ಉಚಿತ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು, ಗಿರಾಕಿಗಳೊಡನೆ ಸಂದೇಶ ವಿನಿಮಯ ಮಾಡುವ ಚಾಟ್ ಸೌಲಭ್ಯ ಅದೇ ವರ್ಷದ ಜುಲೈ ಅಂತ್ಯಕ್ಕೆ ಮುಗಿಯಿತು. ಆ ಜಾಲತಾಣದ ವಿಳಾಸವನ್ನೇ ಬೋರ್ಡಿಗೋ ಕವರಿಗೋ ಮುದ್ರಿಸಿದ್ದವರಿಗೆ ಅದು ನಿರುಪಯುಕ್ತವಾಯಿತು. ಹಾಗಾಗಿ ಗೂಗಲ್ ಒಂದನ್ನೇ ನಂಬದೆ ಬೇರೆ ಕಡೆಯೂ ನೋಡಿದೆವು. ಅಂತರಜಾಲದಲ್ಲಿ ಅಂಗಡಿಗಳ ವಿವರ ಕೊಡುವ ಇತರ ಪಟ್ಟಿಗಳಲ್ಲಿ ಮಾವನವರ ಅಂಗಡಿಯ ಹೆಸರಿನ ಮುಂದೆ, ಎಂದೋ ವಾಪಸು ಕೊಟ್ಟ 08262 ಸಂಕೇತದ ದೂರವಾಣಿ ಸಂಖ್ಯೆಯೇ ಉಳಿದಿತ್ತು. ಅವುಗಳನ್ನು ಒಂದೊಂದಾಗಿ ತಿದ್ದಿಸಿ, ಬೋರ್ಡು, ಪುಡಿಯ ಕವರು, ಪ್ರೊಫೈಲ್ ಮೂರರಲ್ಲೂ ಅದೇ ಹೆಸರು, ಅದೇ ವಿಳಾಸ, ಅದೇ ಮೊಬೈಲ್ ಸಂಖ್ಯೆ ಇರುವಂತೆ ಮಾಡಿದ್ದೇವೆ.