ಮೈಬ್ಯಾಟಿಸ್ 3: ಆಬ್ಜೆಕ್ಟ್ ಸೃಷ್ಟಿ ಮತ್ತು ಮ್ಯಾಪಿಂಗ್ ಬೇರೆಯಾದಾಗ

ಡೇಟಾಬೇಸ್‌ನ ಮಾಹಿತಿಯನ್ನು ಪ್ರೋಗ್ರಾಮ್‌ನ ಆಬ್ಜೆಕ್ಟ್‌ಗಳಿಗೆ ತುಂಬಿಕೊಡಲು ಕ್ಲಿಂಟನ್ ಬೆಗಿನ್ ಆರಂಭಿಸಿದ ಐಬ್ಯಾಟಿಸ್, 2010ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನಿಂದ ಹೊರಬಂದು ಮೈಬ್ಯಾಟಿಸ್ ಆಯಿತು. ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ಬರೆಯುವ ಸ್ವಾತಂತ್ರ್ಯವನ್ನು ಪ್ರೋಗ್ರಾಮರ್‌ಗೇ ಬಿಡುವ ಈ ಜಾವಾ ಫ್ರೇಮ್‌ವರ್ಕ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಅದರ ಒಳಗಿನ ಕೆಲಸದ ಹಂಚಿಕೆಯನ್ನು: ಆಬ್ಜೆಕ್ಟ್ ಸೃಷ್ಟಿಸುವ ಹೊಣೆ ಆಬ್ಜೆಕ್ಟ್‌ಫ್ಯಾಕ್ಟರಿಯದು, ಡೇಟಾಬೇಸ್‌ನ ಯಾವ ಕಾಲಂ ಆಬ್ಜೆಕ್ಟ್‌ನ ಯಾವ ಪ್ರಾಪರ್ಟಿಗೆ ಸೇರಬೇಕೆಂದು ತಿಳಿಸುವುದು ರಿಸಲ್ಟ್‌ಮ್ಯಾಪ್.

ಪ್ರಾಪರ್ಟಿಯ ಟೈಪ್ ಲಿಸ್ಟ್ ಎಂದಿದ್ದರೆ ಅರೇಲಿಸ್ಟ್ ಕೊಡಬೇಕು, ಸಾರ್ಟೆಡ್‌ಸೆಟ್ ಎಂದಿದ್ದರೆ ಟ್ರೀಸೆಟ್ ಕೊಡಬೇಕು ಎಂಬ ತೀರ್ಮಾನಗಳೆಲ್ಲ ಡೀಫಾಲ್ಟ್ ಫ್ಯಾಕ್ಟರಿಯೊಳಗೇ ಇವೆ. ಅದು ಒಗ್ಗದಿದ್ದರೆ ನಮ್ಮದೇ ಕ್ಲಾಸ್ ಬರೆದು ಕಾನ್ಫಿಗರೇಶನ್‌ನಲ್ಲಿ ಸೂಚಿಸಿದರಾಯಿತು, ರಿಸಲ್ಟ್‌ಮ್ಯಾಪ್‌ಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಕಿಲ್ಲ. ಸ್ಕಾಲಾ ಭಾಷೆಯ ಕಲೆಕ್ಷನ್‌ಗಳಿಗೂ ಇದೇ ಇಂಟರ್‌ಫೇಸ್‌ನಲ್ಲಿ ಅವಕಾಶವಿರುವುದು ಒಳ್ಳೆಯ ದೂರದೃಷ್ಟಿ.

ಆದರೆ ಫ್ಯಾಕ್ಟರಿಯ ಕಣ್ಣಿಗೆ ಬೀಳುವುದು ಬಹಳ ಕಡಿಮೆ. ಇಡೀ ಕಾನ್ಫಿಗರೇಶನ್‌ಗೆ ಒಂದೇ ಫ್ಯಾಕ್ಟರಿ. ಅದಕ್ಕೆ ಕ್ಲಾಸ್ ಮತ್ತು ಕನ್‌ಸ್ಟ್ರಕ್ಟರ್‌ನ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ವಿವರ ಸಿಗುತ್ತದೆಯೇ ಹೊರತು ಯಾವ ಕ್ವೆರಿಗಾಗಿ ಆಬ್ಜೆಕ್ಟ್ ಸೃಷ್ಟಿಸುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಸಮಯದ ಪ್ರಶ್ನೆ. ಪ್ಯಾರಾಮೀಟರ್ ಇಲ್ಲದ ಕನ್‌ಸ್ಟ್ರಕ್ಟರ್ ಬಳಸಿದಾಗ ಫ್ಯಾಕ್ಟರಿಯ ಕೆಲಸ ಮುಗಿದ ಮೇಲಷ್ಟೇ ಪ್ರಾಪರ್ಟಿಗಳು ತುಂಬುವುದರಿಂದ, ಖಾತೆಯ ಶಿಲ್ಕು ಸೊನ್ನೆಗಿಂತ ಕಡಿಮೆಯಿರಬಾರದು ಎಂಬಂಥ ನಿಯಮವನ್ನು ಫ್ಯಾಕ್ಟರಿಯಲ್ಲಿ ಪರೀಕ್ಷಿಸ ಹೊರಟರೆ ಅಲ್ಲಿ ಪರೀಕ್ಷಿಸಲು ಮೌಲ್ಯವೇ ಇರುವುದಿಲ್ಲ.

ಅಂಥ ನಿಯಮಗಳಿಗೆ ತಕ್ಕ ಜಾಗ ಕನ್‌ಸ್ಟ್ರಕ್ಟರ್, ಮತ್ತು ಮೈಬ್ಯಾಟಿಸ್ ನಿಜಕ್ಕೂ ಗೆಲ್ಲುವುದು ಇಲ್ಲಿಯೇ. ಇದೇ ಕೆಲಸಕ್ಕಿರುವ ಜಾವಾ ಮಾನದಂಡವಾದ ಜೆಪಿಎ ನಿಯಮದಂತೆ ಪ್ರತಿ ಎಂಟಿಟಿಗೂ (ಡೇಟಾಬೇಸ್‌ನಲ್ಲಿ ಉಳಿಸುವ ಕ್ಲಾಸ್) ಪ್ಯಾರಾಮೀಟರ್ ಇಲ್ಲದ, ಪಬ್ಲಿಕ್ ಇಲ್ಲವೇ ಪ್ರೊಟೆಕ್ಟೆಡ್ ಆದ ಕನ್‌ಸ್ಟ್ರಕ್ಟರ್ ಇರಲೇಬೇಕು. ಅಂದರೆ ಅರೆಬರೆ ಆಬ್ಜೆಕ್ಟ್ ಹುಟ್ಟುವ ದಾರಿಯನ್ನು ನಾವೇ ತೆರೆದಿಡಬೇಕಾಗುತ್ತದೆ. ಮೈಬ್ಯಾಟಿಸ್‌ನ ರಿಸಲ್ಟ್‌ಮ್ಯಾಪ್‌ನಲ್ಲಿ ಕನ್‌ಸ್ಟ್ರಕ್ಟರ್ ಭಾಗವನ್ನು ಬರೆದರೆ ಕಾಲಂಗಳ ಮೌಲ್ಯಗಳು ನೇರವಾಗಿ ಕನ್‌ಸ್ಟ್ರಕ್ಟರ್ ತಲುಪುತ್ತವೆ, ಆಬ್ಜೆಕ್ಟ್ ಹುಟ್ಟುವಾಗಲೇ ಪೂರ್ಣವಾಗಿರುತ್ತದೆ. 3.4.3 ಆವೃತ್ತಿಯಿಂದ ಪ್ಯಾರಾಮೀಟರ್‌ಗಳನ್ನು ಹೆಸರಿನಿಂದಲೂ ಸೂಚಿಸಬಹುದು.

ಹೊಸ ಯೋಜನೆಗೆ ಮೈಬ್ಯಾಟಿಸ್ ಅನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಒಂದು ಎಚ್ಚರಿಕೆಯೊಡನೆ. ರಿಸಲ್ಟ್‌ಮ್ಯಾಪ್ ಬರೆಯದೆ ಕನ್‌ಸ್ಟ್ರಕ್ಟರ್‌ನ ಆಟೋಮ್ಯಾಪಿಂಗ್ (ಫ್ರೇಮ್‌ವರ್ಕ್ ತಾನೇ ಹೊಂದಿಸುವುದು) ನಂಬಿದರೆ, ಸಾಮಾನ್ಯವಾಗಿ ಕಾಲಂಗಳ ಅನುಕ್ರಮವೇ ಪ್ರಮಾಣ. ಹೆಸರು, ಊರು ಎರಡೂ ಸ್ಟ್ರಿಂಗ್ ಆಗಿದ್ದು, ಸೆಲೆಕ್ಟ್‌ನಲ್ಲಿ ಅವುಗಳ ಜಾಗ ಅದಲುಬದಲಾದರೆ ಯಾವ ಎರರ್ ಕೂಡ ಬರುವುದಿಲ್ಲ. 3.5.10ರಲ್ಲಿ ಬಂದ, ಹೆಸರಿನ ಆಧಾರದ ಮೇಲೆ ಹೊಂದಿಸುವ ಸೆಟ್ಟಿಂಗ್ ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಅದನ್ನು ಮೊದಲ ದಿನವೇ ಆನ್ ಮಾಡಿಕೊಳ್ಳಬೇಕು.