ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 11 ತಿಂಗಳ ಬಾಡಿಗೆ ಕರಾರು: ನಡುವೆ ಮನೆ ಬಿಡುವವರಿಗೆ ಎಷ್ಟು ಆಸರೆ?

ಬೆಂಗಳೂರಿನಲ್ಲಿ ಇ-ಸ್ಟಾಂಪ್ ಸಿಗುವ ಅಂಗಡಿಗಳಲ್ಲಿ ಬಾಡಿಗೆ ಕರಾರಿನ ನಮೂನೆ ಸಿದ್ಧವಾಗಿಯೇ ಇರುತ್ತದೆ. ಹೆಸರು, ಬಾಡಿಗೆ, ಅಡ್ವಾನ್ಸ್ ತುಂಬಿಸಿದರೆ ಮುಗಿಯಿತು. ವಿಳಾಸದ ದಾಖಲೆಗೆ ಇದು ಸಾಕು. ಅವಧಿಗೆ ಮೊದಲೇ ಮನೆ ಬಿಡಬೇಕಾದಾಗ ಮಾತ್ರ ಇದರ ಕೊರತೆಗಳೆಲ್ಲ ಬಾಡಿಗೆದಾರನ ತಲೆಗೇ ಬರುತ್ತವೆ.

11 ತಿಂಗಳು ಯಾಕೆ? ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ, ಅದಕ್ಕೆ.

ಮೊದಲು ನೋಟಿಸ್ ಕಲಮು ಓದಿ. 'ಎರಡು ತಿಂಗಳ ಮುಂಚೆ ತಿಳಿಸತಕ್ಕದ್ದು' ಎಂದಷ್ಟೇ ಇರುತ್ತದೆ. ಹೇಗೆ ತಿಳಿಸಬೇಕು, ಯಾವ ದಿನದಿಂದ ಲೆಕ್ಕ ಎಂಬುದಿಲ್ಲ. ಬಾಯಿಮಾತಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. 'ವಾಟ್ಸಾಪ್ ಅಥವಾ ಇಮೇಲ್ ತಲುಪಿದ ದಿನದಿಂದ' ಎಂದು ಟೈಪ್ ಮಾಡಿಸಿ. ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು) ಎಂಬ ಪದ ಕಂಡರೆ ನಿಲ್ಲಿ: ಆ ಅವಧಿಯೊಳಗೆ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೂ ಮಾಲೀಕರು ಕೇಳಬಹುದು. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ; ಬರೆದ ಮೊತ್ತ ಅದರ ಗರಿಷ್ಠ ಮಿತಿ. ಹೊಸ ಬಾಡಿಗೆದಾರರನ್ನು ನೀವೇ ಹುಡುಕಿಕೊಟ್ಟರೆ ಮಾತುಕತೆ ಬಹಳ ಹಗುರಾಗುತ್ತದೆ.

ಅತಿ ಹೆಚ್ಚು ಜಗಳ ಪೇಂಟಿಂಗ್ ಹಣದ್ದು. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ, ನಮೂನೆಯಲ್ಲಿ 'ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು' ಎಂದು ಬರೆದೇ ಇರುತ್ತದೆ. ನಾಲ್ಕೇ ತಿಂಗಳು ಇದ್ದವರಿಗೂ ಪೂರ್ತಿ ಕಡಿತ, ಇದು ಅನ್ಯಾಯ. 'ವಾಸವಿದ್ದ ತಿಂಗಳುಗಳ ಲೆಕ್ಕದಲ್ಲಿ' ಎಂದು ಸೇರಿಸಿ. ನಮೂನೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ನೋಡಿ: ಬಾಡಿಗೆ 20,000, ಅಡ್ವಾನ್ಸ್ 1,00,000 ಇರಲಿ. ಎರಡರ ಬದಲು ಒಂದೇ ತಿಂಗಳ ನೋಟಿಸ್ ಕೊಟ್ಟರೆ 20,000, ಪೇಂಟಿಂಗ್‌ಗೆ 20,000 ಹೋಗಿ ಕೈಗೆ ಬರುವುದು 60,000.

ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಲಿ ಎಂದು ಕೊನೆಯ ತಿಂಗಳ ಬಾಡಿಗೆ ನಿಲ್ಲಿಸಬೇಡಿ. ಮಾಲೀಕರು ಲಿಖಿತವಾಗಿ ಒಪ್ಪದಿದ್ದರೆ ಅದು ಬಾಕಿಯೇ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಎಂಬುದೂ ಬಹುತೇಕ ನಮೂನೆಗಳಲ್ಲಿಲ್ಲ. ಕೀ ಕೊಡುವ ದಿನವೇ ಎಂದು ಬರೆಸಿ.

ಬಿಡುವ ದಿನ ಖಾಲಿ ಕೋಣೆಗಳ ವಿಡಿಯೊ ಮಾಡಿ. ಬೆಸ್ಕಾಂ ಮೀಟರ್ ರೀಡಿಂಗ್‌ನ ಫೋಟೊ ತೆಗೆದು ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಜೊತೆ ಮಾಲೀಕರಿಗೆ ಕಳಿಸಿ, ಏಕೆಂದರೆ ಕೊನೆಯ ಬಿಲ್ಲು ನೀವು ಹೋದಮೇಲೆ ಬರುತ್ತದೆ. ಕೀ ಎಷ್ಟು, ಯಾವ ತಾರೀಕು ಎಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ.