ಮೂರು ಆಟಿ ಕಂಡ ನಾಲ್ಕು ಮರದ ಪ್ರಾಣಿಗಳು

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಹಂಚಿನ ಮಾಡು, ಸುತ್ತ ಅಡಿಕೆ ತೋಟ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಟಿ ಎಂದರೆ ತುಳುವರ ಜೋರು ಮಳೆಯ ತಿಂಗಳು, ಆಗ ಚಾವಡಿಯ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಎಲ್ಲಕ್ಕೂ ಬೂಸ್ಟು. ಇಂಥ ಮನೆಯಲ್ಲಿ ಹಳೆಯ ಮರದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಹುಚ್ಚು ನನಗೆ.

ಚಾವಡಿಯ ಒಂದೇ ಶೆಲ್ಫಿನಲ್ಲಿ ನಾಲ್ಕು ಪ್ರಾಣಿಗಳು ಮೂರು ಮಳೆಗಾಲ ಕಳೆದಿವೆ: ಬೀಟೆ ಮರದ ಆನೆ, ಕೊಂಡಪಲ್ಲಿಯ ಅಂಬಾರಿ ಆನೆ, ಸಾವಂತವಾಡಿಯ ಗಿಳಿ, ಮತ್ತೆ ಒಂದು ಕುದುರೆ. ಚನ್ನಪಟ್ಟಣದ್ದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದು ಉಳಿಯಲ್ಲಿ ಕೆತ್ತಿದ್ದಲ್ಲ, ತಿರುಗಣೆಯಲ್ಲಿ ಕಡೆದು ಅರಗು ಹಚ್ಚಿದ್ದು. ಚೆಂದವೇ, ಆದರೆ ಅದರ ಜಾತಿ ಬೇರೆ.

ಬೀಟೆ ಆನೆ ಸೋದರಮಾವ ಎರ್ನಾಕುಳಂನಲ್ಲಿ ಕೆಲಸದಲ್ಲಿದ್ದಾಗ ತಂದದ್ದು. ಅದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಮಳೆ ಮುಗಿದ ಮೇಲೆ ಹತ್ತಿಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿದರೆ ಬೂಸ್ಟು ಹೋಗಿ ಮತ್ತೆ ಕಪ್ಪಗೆ ಹೊಳೆಯುತ್ತದೆ. ಬಣ್ಣವೇ ಇಲ್ಲದ ಮೇಲೆ ಉದುರುವುದೇನು? ನನಗಿದ್ದ ತಲೆಬಿಸಿ ಅದರ ಕೊಂಬಿನದ್ದು. ಹಳೆಯ ಆನೆಗಳಲ್ಲಿ ಕೆಲವಕ್ಕೆ ನಿಜವಾದ ದಂತದ ಕೊಂಬು ಇರುತ್ತಿತ್ತು. ನಮ್ಮ ದೇಶದ ಆನೆದಂತದ ವ್ಯಾಪಾರ 1986ರಲ್ಲಿ ನಿಂತಿತು, ಆಫ್ರಿಕದ ದಂತದ್ದು 1991ರಲ್ಲಿ. ಹಾಗಾಗಿ ಅಂಥದ್ದನ್ನು ಕೊಳ್ಳುವುದೂ ಮಾರುವುದೂ ಕೇಸು. ಭೂತಗನ್ನಡಿ ಹಿಡಿದು ನೋಡಿದೆ. ದಂತವಾದರೆ ಕತ್ತರಿಸಿದ ತುದಿಯಲ್ಲಿ ಒಂದರ ಮೇಲೊಂದು ಹಾಯುವ ಸಣ್ಣ ಗೆರೆಗಳು ಕಾಣಬೇಕು. ಎಲುಬಾದರೆ ಕಪ್ಪು ಚುಕ್ಕೆ. ನಮ್ಮದರಲ್ಲಿ ಎರಡೂ ಇಲ್ಲ, ಬದಿಯಲ್ಲಿ ಅಚ್ಚಿನ ಗೆರೆ ಇತ್ತು. ಪ್ಲಾಸ್ಟಿಕ್! ಮಾವನಿಗೆ ಹೇಳಲಿಲ್ಲ, ಅವರು ಇವತ್ತಿಗೂ ದಂತವೆಂದೇ ನಂಬಿದ್ದಾರೆ.

ಕೊಂಡಪಲ್ಲಿ ಆನೆಯ ಸ್ವಭಾವ ಪೂರಾ ಉಲ್ಟಾ. ವಿಜಯವಾಡದ ಗೆಳೆಯರೊಬ್ಬರು ಮನೆ ಬದಲಿಸುವಾಗ, ಅವರ ಅಜ್ಜಿಯ ಗೊಂಬೆ ಪೆಟ್ಟಿಗೆಯಿಂದ ನನಗೆ ಕೊಟ್ಟದ್ದು. ಕೊಂಡಪಲ್ಲಿ ಅಲ್ಲಿಂದ ಹತ್ತಿರ. ಕೈಯಲ್ಲಿ ಹಿಡಿದರೆ ಒಣ ಸೋರೆಬುರುಡೆಯಷ್ಟು ಹಗುರ. ಅಲ್ಲಿಯವರು ತೆಲ್ಲ ಪೊಣಿಕಿ ಎಂಬ ಮೆತ್ತನೆ ಮರ ಬಳಸುತ್ತಾರೆ. ಮರವನ್ನು ಸಣ್ಣ ಬಿಸಿಯಲ್ಲಿ ಕಾಯಿಸಿ ನೀರಿನಂಶ ತೆಗೆಯುತ್ತಾರೆ. ಸೊಂಡಿಲು, ಕಿವಿ, ಕಾಲು, ಅಂಬಾರಿ ಎಲ್ಲವನ್ನೂ ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಪುಡಿ ಮತ್ತು ಮರದ ಪುಡಿ ಕಲಸಿದ ಅಂಟಿನಿಂದ ಕೂಡಿಸುತ್ತಾರೆ. ಈ ಅಂಟಿಗೆ ಮಕ್ಕು ಎಂದು ಹೆಸರು. ಮೇಲೆ ಸುಣ್ಣ, ಅದರ ಮೇಲೆ ಬಣ್ಣ.

ಇದನ್ನೆಲ್ಲ ನಾನು ಕಲಿತದ್ದು ಮೊದಲ ಆಟಿಯಲ್ಲಿ ಎಡಗಿವಿ ಕಳಚಿ ಬಿದ್ದ ಮೇಲೆ. ಅವಸರದಲ್ಲಿ ಅಂಗಡಿಯ ಬಿಳಿ ಗೋಂದು ಹಚ್ಚಿದೆ. ಕಿವಿಯ ಸುತ್ತ ಬಿಳಿ ಕಲೆ ಕೂತಿತು, ಮುಂದಿನ ಮಳೆಗೆ ಕಿವಿ ಮತ್ತೆ ಬಿತ್ತು, ಈ ಸಲ ಸ್ವಲ್ಪ ಬಣ್ಣವನ್ನೂ ಕಿತ್ತುಕೊಂಡು. ಆಮೇಲೆ ಅಮ್ಮ ಒಂದು ಹಿಡಿ ಹುಣಸೆಬೀಜ ಹುರಿದು ಕೊಟ್ಟರು. ಸಿಪ್ಪೆ ತೆಗೆದು, ಮಿಕ್ಸಿಗೆ ಹಾಕಿದರೆ ಅದು ಕಲ್ಲಿನಂತೆ ಸದ್ದು ಮಾಡಿತು. ಪುಡಿಯನ್ನು ನೀರಲ್ಲಿ ಕುದಿಸಿದೆ. ರಾಗಿ ಗಂಜಿಯ ಹದಕ್ಕೆ ಬಂದಾಗ ಜರಡಿ ಹಿಡಿದ ಮರದ ಪುಡಿ ಬೆರೆಸಿದೆ. ಮೂರು ದಿನ ನೂಲು ಕಟ್ಟಿ ಬಿಟ್ಟೆ. ಕಿವಿ ಈಗಲೂ ಅಲ್ಲೇ ಇದೆ. ಬಣ್ಣ ಮಾತ್ರ ಅಲ್ಲಲ್ಲಿ ಏಳುತ್ತಿದೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಈಗ ಮಳೆ ಶುರುವಾಗುವ ಮೊದಲು ಆನೆಯನ್ನು ಅಕ್ಕಿ ಡಬ್ಬದ ಹಾಗೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ ಇಡುತ್ತೇನೆ. ನೋಡಲಿಕ್ಕೆ ತಂದದ್ದನ್ನು ನಾಲ್ಕು ತಿಂಗಳು ಮುಚ್ಚಿಡುವುದು! ಆದರೂ ನಾಲ್ಕರಲ್ಲಿ ಒಂದನ್ನೇ ಇಟ್ಟುಕೋ ಎಂದರೆ ನಾನು ತೆಗೆದುಕೊಳ್ಳುವುದು ಇದನ್ನೇ. ಬೀಟೆ ಆನೆ ಗಂಭೀರವಾಗಿ ನಿಂತಿರುತ್ತದೆ, ಅಷ್ಟೆ. ಇದರ ಕಣ್ಣಲ್ಲಿ ಏನೋ ತುಂಟತನ ಇದೆ.

ಸಾವಂತವಾಡಿ ಗಿಳಿಯನ್ನು ಕೊಂಕಣ ರೈಲಿನಲ್ಲಿ ಹೋಗಿ ತಂದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಊರು, ಅಲ್ಲಿ ಮರದ ಗೊಂಬೆ ಮಾಡುವ ಚಿತಾರಿಗಳದ್ದೇ ಒಂದು ಕೇರಿ ಇದೆ. ಮರದಲ್ಲಿ ಮಾಡಿದ ಹಣ್ಣುಗಳಿಗೆ ಹೆಸರುವಾಸಿ. ಮರದ ಸೀತಾಫಲ ನೋಡಿದರೆ ಕೈ ತಾನಾಗಿ ಹೋಗುತ್ತದೆ. ಗಿಳಿ ಪಂಗಾರ ಮರದ್ದು, ನಮ್ಮಲ್ಲಿ ಹಾಲವಾಣ ಅನ್ನುತ್ತೇವಲ್ಲ, ಅದು. ಅದೂ ಹಗುರ, ಬಣ್ಣದ್ದು. ಆದರೆ ಒಂದೇ ತುಂಡು, ಜೋಡಣೆ ಇಲ್ಲ, ಹಾಗಾಗಿ ಕೊಂಡಪಲ್ಲಿಯ ರಗಳೆ ಇಲ್ಲ. ಕೊಕ್ಕಿನ ತುದಿ ಸವೆದಿದೆ. ಅದು ಮಳೆಯ ತಪ್ಪಲ್ಲ, ಮಗಳದ್ದು.

ಇನ್ನು ಕುದುರೆ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 6,500 ರೂಪಾಯಿ ಕೊಟ್ಟೆ. ಎಂಬತ್ತು ವರ್ಷದ್ದು, ರಾಜಸ್ಥಾನದ ಹವೇಲಿಯದ್ದು ಎಂದರು. ಮನೆಗೆ ತಂದು ನಮ್ಮೂರಿನ ಆಚಾರಿಗೆ ತೋರಿಸಿದೆ. ಅವರು ಮುಖ ನೋಡಲೇ ಇಲ್ಲ, ತಿರುಗಿಸಿ ಕಾಲಿನ ಅಡಿ ನೋಡಿದರು. ಬಟ್ಟೆಗೆ ಸ್ಪಿರಿಟ್ ಹಾಕಿ ಉಜ್ಜಿದರು. ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತು, ಅಡಿಯಲ್ಲಿ ಹೊಸ ಮರ ಬೆಳ್ಳಗೆ ಕಂಡಿತು.

"ಇದಕ್ಕೆ ಪ್ರಾಯ ಆಗಿಲ್ಲ ಮಾರಾಯ್ರೆ, ಪ್ರಾಯದ ವೇಷ ಹಾಕಿದ್ದು" ಎಂದರು.

ಅವರು ತೋರಿಸಿದ್ದು ಇಷ್ಟು: ನಿಜವಾಗಿ ಹಳೆಯದಾದರೆ ಸವೆತ ಕೈ ತಾಗುವ ಕಡೆ ಇರುತ್ತದೆ, ಬೆನ್ನಲ್ಲಿ, ಕಿವಿಯ ತುದಿಯಲ್ಲಿ. ಈ ಕುದುರೆಗೆ ಹೊಟ್ಟೆಯ ಅಡಿಯಲ್ಲೂ ಸವೆತ! ಅಲ್ಲಿ ಯಾರು ಕೈ ಹಾಕುತ್ತಾರೆ?

ಎರಡನೇ ಮಳೆಗಾಲಕ್ಕೆ ಅದರ ಅಡಿಯಲ್ಲಿ ರಾಗಿ ಹಿಟ್ಟಿನಂಥ ಪುಡಿ ಬಿದ್ದಿತ್ತು. ಮರ ಕೊರೆಯುವ ಹುಳ, ಕುಟ್ಟೆ ಹಿಡಿದಿತ್ತು. ಬಣ್ಣವಿಲ್ಲದ ಮರವಾದ್ದರಿಂದ ಧೈರ್ಯ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಎರಡು ವಾರ ಫ್ರೀಜರಿಗೆ ಹಾಕಿದೆ. ಹೊರಗೆ ತೆಗೆದ ಮೇಲೂ ಒಂದು ದಿನ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಕೊಂಡಪಲ್ಲಿಯಂಥ ಸುಣ್ಣ, ಬಣ್ಣದ ಗೊಂಬೆಗೆ ಈ ಕೆಲಸ ಬೇಡ, ಪದರ ಬಿರುಕು ಬಿಡಬಹುದು. "ಐಸ್‌ಕ್ರೀಮಿಗೆ ಜಾಗ ಇಲ್ಲ, ಕುದುರೆಗೆ ಉಂಟಾ?" ಎಂದು ಹೆಂಡತಿ ಎರಡು ವಾರವೂ ಕೇಳಿದಳು. ಪುಡಿ ಬೀಳುವುದು ನಿಂತಿತು.

ಐದನೆಯದೊಂದು ಬರಬೇಕಿತ್ತು. ಹಲಸಿನ ಮರದ ಹಳೆಯ ಹಂದಿಯ ಫೋಟೋ ಒಬ್ಬರು ವಾಟ್ಸಾಪಿಗೆ ಕಳಿಸಿದ್ದರು, ಬೆಲೆ ಸಮೇತ. ಹಂದಿ ಎಂದರೆ ನಮ್ಮ ಕಡೆ ಪಂಜುರ್ಲಿ, ಪೂಜೆ ಪಡೆಯುವ ಭೂತ. ಅದು ಯಾವುದೋ ಭೂತಸ್ಥಾನದಿಂದ ಎದ್ದು ಬಂದದ್ದಾದರೆ? ಅಮ್ಮನಿಗೆ ತೋರಿಸಿದೆ. "ಸುಮ್ನೆ ಇರು ಮಗಾ. ಅದು ಈ ಮೆಟ್ಟಿಲು ಹತ್ತಿದರೆ ನಾನು ತಮ್ಮನ ಮನೆಗೆ ಹೋಗ್ತೇನೆ" ಎಂದರು. 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ಕೆತ್ತನೆ ಪುರಾತನ ವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅಮ್ಮನ ಕಾನೂನು ಅದಕ್ಕಿಂತ ಗಟ್ಟಿ. ಮರದ ಭೂತಗಳನ್ನು ನೋಡಬೇಕೆಂದಿದ್ದರೆ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನವು ಇವೆ, ಅಲ್ಲಿಗೆ ಹೋಗಿ ನೋಡಿದರಾಯಿತು.

ಶೆಲ್ಫಿನಲ್ಲಿ ಈಗ ಎರಡು ಆನೆ, ಒಂದು ಗಿಳಿ. ಕುದುರೆಯನ್ನು ಹಿಂಬಾಗಿಲಿಗೆ ಆನಿಸಿ ಇಟ್ಟಿದ್ದೇನೆ. ತೋಟದ ಕಡೆಯಿಂದ ಎಷ್ಟೇ ಗಾಳಿ ಬಂದರೂ ಬಾಗಿಲು ಬಡಿಯುವುದಿಲ್ಲ.